ಮುಚ್ಚಳ ತೆಗೆಯದ ಮೂವತ್ತೇಳು ಡಬ್ಬಿ

ತೂಕದ ಕೋಣೆಗೆ ಹೋಗುವವರು ಮೊದಲು ಫ್ಯಾನ್ ಆರಿಸಬೇಕು. ಆಮೇಲೆ ಕೈ ಒರೆಸಿಕೊಂಡು ಒಳಗೆ ಬಂದು ಬಾಗಿಲು ಹಾಕಬೇಕು. ತಕ್ಕಡಿಯ ಗಾಜು ಮುಚ್ಚಿ, ಅಂಕಿಗಳು ಓಡಾಡುವುದನ್ನು ಬಿಟ್ಟು ಒಂದು ಕಡೆ ನಿಲ್ಲುವವರೆಗೆ ಮೇಜಿಗೆ ಮೊಣಕೈ ತಾಗಿಸದೆ ಕಾಯಬೇಕು. ಹರಟೆ ಹೊಡೆಯುವವರಿಗೆ ಹೊರಗೆ ಕಾರಿಡಾರ್ ಇದೆ. ವಿಶ್ವವಿದ್ಯಾಲಯದ ಆಹಾರ ವಿಜ್ಞಾನ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಈ ಕಾನೂನನ್ನು ಬೈದು, ಗದರಿಸಿ, ಎರಡು ಮೂರು ಸಲ ಕತ್ತು ಹಿಡಿದು ಹೊರದಬ್ಬಿ ನಡೆಸಿಕೊಂಡು ಬಂದವನು ಅಲ್ಲಿನ ಲ್ಯಾಬ್ ಸಹಾಯಕ. ವಿದ್ಯಾರ್ಥಿಗಳು ಅವನಿಗೆ ಇಟ್ಟ ಹೆಸರು ಮಿಲಿಗ್ರಾಂ. ಆಳೂ ಹೆಸರಿಗೆ ತಕ್ಕಂತೆಯೇ ಇದ್ದ. ಬಿಳಿ ಕೋಟಿನೊಳಗೆ ಅವನನ್ನು ಹುಡುಕಬೇಕಾಗುತ್ತಿತ್ತು.

"ಫ್ಯಾನ್ ಆರಿಸಿದ್ಯಾ?" ಎಂಬುದು ಯಾರನ್ನು ಕಂಡರೂ ಅವನ ಬಾಯಿಂದ ಹೊರಡುವ ಮೊದಲ ಮಾತು. ಕುಲಪತಿಗಳು ಒಮ್ಮೆ ವಿಭಾಗ ನೋಡಲು ಬಂದಾಗಲೂ ಅದನ್ನೇ ಕೇಳಿದ್ದ. ಕೊನೆಗೊಂದು "ಸಾರ್" ಸೇರಿಸಿದ್ದ, ಅಷ್ಟೇ.

ಅವನಿಗೆ ಇನ್ನೊಂದು ಗೀಳಿತ್ತು. ಲ್ಯಾಬಿನಿಂದ ಯಾವ ಡಬ್ಬಿ ಹೊರಗೆ ಹೋದರೂ ಹೋಗುವ ಮುಂಚೆ ತೂಗುತ್ತಿದ್ದ, ವಾಪಸ್ ಬಂದರೆ ಮತ್ತೆ ತೂಗುತ್ತಿದ್ದ. ಮುಚ್ಚಳ ತೆಗೆಯದೆ, ಇಡಿಯಾಗಿ. ಎರಡೂ ತೂಕವನ್ನು ಉದ್ದನೆಯ ರಿಜಿಸ್ಟರಿನಲ್ಲಿ ತನ್ನ ಗುಂಡು ಅಕ್ಷರದಲ್ಲಿ ಬರೆದಿಡುತ್ತಿದ್ದ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಒಳಗಿರುವುದನ್ನು ಎಣಿಸಿದರೆ ಸಾಕು ಎಂದು ನಿಯಮವೇ ಹೇಳುತ್ತಿತ್ತು. "ಎಣಿಸೋನಿಗೆ ಫೋನ್ ಬರುತ್ತೆ, ಆಕಳಿಕೆ ಬರುತ್ತೆ, ತಕ್ಕಡಿಗೆ ಏನೂ ಬರಲ್ಲ" ಎನ್ನುತ್ತಿದ್ದ. ಆ ರಿಜಿಸ್ಟರನ್ನು ಇಪ್ಪತ್ತೊಂಬತ್ತು ವರ್ಷದಲ್ಲಿ ಅವನನ್ನು ಬಿಟ್ಟು ಇನ್ನೊಬ್ಬರು ತೆರೆದು ನೋಡಿದ್ದಿಲ್ಲ.

ಅಂಥ ವಿಭಾಗಕ್ಕೆ ಕಂಪನಿ ಬಂತು. ಆರೋಗ್ಯದ ಮಾತ್ರೆ, ಪುಡಿ, ಟಾನಿಕ್ಕು ಮಾರುವ ಕಂಪನಿ. ಕಾಯಿಲೆಗೆ ಔಷಧಿ ಎಂದು ಹೇಳುವ ಹಾಗಿಲ್ಲದಿದ್ದರೂ ಕಾಯಿಲೆಯ ಹೆಸರು ಹೇಳದೆ ಒಂದನ್ನೂ ಮಾರದ ಜಾತಿಯದು. ಅದರ ಹೊಸ ಸರಕು ದ್ರಾಕ್ಷಿ ಬೀಜದ ಸಾರ ತುಂಬಿದ ಕ್ಯಾಪ್ಸೂಲು. ದಿನಕ್ಕೊಂದು ನುಂಗಿದರೆ ಬಿಪಿ ಇಳಿಯುತ್ತದಂತೆ. ಇಳಿಯುತ್ತದೆಂದು ವಿಶ್ವವಿದ್ಯಾಲಯ ಹೇಳಬೇಕು, ಅದಕ್ಕೆ ಬದಲಾಗಿ ಕಂಪನಿ ಕಟ್ಟಡ ಕಟ್ಟಿಸಿಕೊಡಬೇಕು. ಒಪ್ಪಂದದ ಪತ್ರದಲ್ಲಿ ಇಷ್ಟು ಬೆತ್ತಲೆಯಾಗಿ ಬರೆದಿರಲಿಲ್ಲ; "ಸಹಭಾಗಿತ್ವ", "ಜ್ಞಾನ ವಿನಿಮಯ" ಎಂದೆಲ್ಲ ಅಂಗಿ ತೊಡಿಸಿದ್ದರು. ಮೂರಂತಸ್ತಿನ ಕಟ್ಟಡ ಎದ್ದಿತು. ಬಾಗಿಲ ಮೇಲೆ ಕಂಪನಿಯ ಹೆಸರು ದೊಡ್ಡದಾಗಿ, ವಿಭಾಗದ ಹೆಸರು ಅದರ ಕೆಳಗೆ ಚಿಕ್ಕದಾಗಿ ಬಂತು.

ಕಂಪನಿಯ ಕಡೆಯಿಂದ ಒಬ್ಬ ಅಧಿಕಾರಿ ಬಂದು ಅಲ್ಲೇ ಕೋಣೆ ಮಾಡಿಕೊಂಡ. ಅವನು ಯಾವಾಗಲೂ ನಗುತ್ತಿದ್ದ. ಶುಭಾಶಯ ಹೇಳುವಾಗಲೂ ನಗು, ಸಂತಾಪ ಹೇಳುವಾಗಲೂ ಅದೇ ನಗು. ಮಿಲಿಗ್ರಾಂ ಅವನಿಗೆ ನಗುಮುಖ ಎಂದು ಹೆಸರಿಟ್ಟ. ನಗುಮುಖ ಮೊದಲ ದಿನವೇ ಫ್ಯಾನ್ ಆರಿಸಿ, ಕೈ ಒರೆಸಿಕೊಂಡು ಒಳಗೆ ಬಂದು, "ಅಣ್ಣಾ, ಈ ವಿಭಾಗದ ಜೀವಾಳ ನೀವೇ ಅಂತ ಎಲ್ಲಾರೂ ಹೇಳ್ತಾರೆ" ಅಂದ. ಒಂದು ಫೋಟೋ ಬೇಕು ಅಂದ. ಇಪ್ಪತ್ತೊಂಬತ್ತು ವರ್ಷ ಯಾರಿಂದಲೂ ಒಂದು ಒಳ್ಳೆಯ ಮಾತು ಕೇಳದ ಮನುಷ್ಯ ಉಬ್ಬಿ ಹೋದ. ಇಸ್ತ್ರಿ ಮಾಡಿದ ಕೋಟು ತೊಟ್ಟು, ತಕ್ಕಡಿಯ ಪಕ್ಕದಲ್ಲಿ ಗಂಭೀರವಾಗಿ ನಿಂತುಕೊಂಡ. ಒಂದು ಕಾಗದಕ್ಕೆ ಸಹಿಯನ್ನೂ ಹಾಕಿಕೊಟ್ಟ, ಓದದೆ. ಸೊನ್ನೆಯ ಮುಂದೆ ನಾಲ್ಕು ಅಂಕಿ ಓದುವವನು ಹತ್ತು ಸಾಲು ಓದಲಿಲ್ಲ.

ಫೋಟೋ ಕ್ಯಾಪ್ಸೂಲು ಡಬ್ಬಿಯ ಮೇಲೆ ಬಂತು. ಕೆಳಗೆ, "ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ತೂಗಿ ನೋಡಿದ್ದು." ಪ್ರಯೋಗ ಇನ್ನೂ ಅರ್ಧ ಮುಗಿದಿರಲಿಲ್ಲ, ಡಬ್ಬಿ ಆಗಲೇ ಅಂಗಡಿಗಳಲ್ಲಿತ್ತು.

ಮೊದಲ ಡಬ್ಬಿಯನ್ನು ಮನೆಗೆ ತಂದು ಅಕ್ಕನ ಕೈಗೆ ಕೊಟ್ಟವನೂ ಅವನೇ.

ಅಕ್ಕ ಅವನಿಗಿಂತ ಆರು ವರ್ಷ ದೊಡ್ಡವಳು. ಹೊಲಿಗೆ ಶಾಲೆಯಲ್ಲಿ ಮೇಡಂ ಆಗಿದ್ದು ನಿವೃತ್ತಿಯಾದವಳು. ಭಾವ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು, ಒಂದೇ ವಾರದಲ್ಲಿ ಅದನ್ನು ತನ್ನ ಮನೆ ಮಾಡಿಕೊಂಡಿದ್ದಳು. ತಮ್ಮನಿಗೆ ಮದುವೆಯಾಗಿರಲಿಲ್ಲ. "ತೂಗಿ ತೂಗಿ ನೋಡ್ತಾ ಕೂತ, ಹೆಣ್ಣುಗಳಿಗೆ ವಯಸ್ಸಾಗೋಯ್ತು" ಎಂದು ಅವಳು ಎಲ್ಲರೆದುರು ಹೇಳುತ್ತಿದ್ದಳು. ಬಾಯಿ ಅವಳ ಕತ್ತರಿಗಿಂತ ಹರಿತ. ಎರಡನೇ ಮಹಡಿಯ ಆ ಎರಡು ಕೋಣೆಯಲ್ಲಿ ಇಬ್ಬರೂ ಬೆಳಿಗ್ಗೆ ಜಗಳದಿಂದ ಎದ್ದು ಸಂಜೆ ಜಗಳದಿಂದ ಮಲಗುವವರು. ಅದಿಲ್ಲದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಅಕ್ಕನಿಗೆ ಬಿಪಿ ಇತ್ತು. ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಪಾದ ಊದುತ್ತಿತ್ತು, ಚಪ್ಪಲಿ ಕಾಲಿಗೆ ಹತ್ತುತ್ತಿರಲಿಲ್ಲ. ದ್ರಾಕ್ಷಿ ಬೀಜ ಬಂದ ಮೇಲೆ ಆ ಮಾತ್ರೆ ಬಿಟ್ಟಳು, ಪಾದ ಇಳಿಯಿತು. ಪಾದ ಇಳಿದದ್ದು ಹಳೆಯ ಮಾತ್ರೆ ಬಿಟ್ಟದ್ದಕ್ಕೆ; ಅವಳು ಅದನ್ನೂ ಹೊಸದರ ಲೆಕ್ಕಕ್ಕೆ ಸೇರಿಸಿ, ಕಟ್ಟಡದ ಮೆಟ್ಟಿಲು ಹತ್ತಿ ಇಳಿದು, ಮನೆಮನೆಗೆ ಡಬ್ಬಿ ತೋರಿಸಿ ಬಂದಳು. "ಇವನೇ ನೋಡ್ರೀ, ನನ್ ತಮ್ಮ. ಇವನು ತೂಗಿದ್ದು ಅಂದ್ಮೇಲೆ ತಪ್ಪಾಗಲ್ಲ. ನನ್ ಸಾರಿಗೆ ಉಪ್ಪು ಜಾಸ್ತಿ ಆಗಿದ್ರೂ ಹಿಡೀತಾನೆ." ಕೆಳಗಿನ ಮನೆಯ ನರ್ಸಮ್ಮ, ಎದುರು ಮನೆಯ ಅಜ್ಜಿ, ಮೂಲೆ ಮನೆಯ ಗಂಡ ಹೆಂಡತಿ, ಹೀಗೆ ಆರು ಮನೆಯವರು ಅವಳ ಮಾತಿಗೆ ಕೊಂಡರು. ಅಜ್ಜಿಯಂತೂ ತನ್ನ ಹಳೆಯ ಮಾತ್ರೆಗಳನ್ನು ಕಸದ ಬುಟ್ಟಿಗೇ ಹಾಕಿದಳು.

ಎರಡು ತಿಂಗಳ ಪ್ರಯೋಗ ಮುಗಿಯಿತು. ನೂರಿಪ್ಪತ್ತು ಮಂದಿಗೆ ನೂರಿಪ್ಪತ್ತು ಡಬ್ಬಿ. ಒಂದೊಂದರಲ್ಲಿ ಅರವತ್ತೈದು ಕ್ಯಾಪ್ಸೂಲು. ದಿನಕ್ಕೊಂದರಂತೆ ಅರವತ್ತು ದಿನ ನುಂಗಿದರೆ ಐದು ಉಳಿಯಬೇಕು. ಮಿಲಿಗ್ರಾಂ ತೂಗಿ ಕೊಟ್ಟ ಡಬ್ಬಿಗಳು ನಗುಮುಖನ ಕೋಣೆಯಿಂದಲೇ ಹಂಚಿಕೆಯಾಗಿ ಅಲ್ಲಿಗೇ ವಾಪಸಾಗಿದ್ದವು. ಎಷ್ಟು ಉಳಿದಿವೆ ಎಂದು ಅಲ್ಲೇ ಎಣಿಸಿ ಪಟ್ಟಿ ಮಾಡಿದ್ದರು: ಐದು, ಏಳು, ಐದು, ಆರು. ಪ್ರತಿಯೊಂದರ ಪಕ್ಕದಲ್ಲೂ ಆ ಮನುಷ್ಯನ ಬಿಪಿ ಎಷ್ಟಿತ್ತು, ಎಷ್ಟಾಯಿತು ಎಂಬ ಅಂಕಿ. ವಾಪಸ್ ಬಂದ ಡಬ್ಬಿಗಳನ್ನು ಕಪಾಟಿನಲ್ಲಿಡಲು ಮಿಲಿಗ್ರಾಂನಿಗೆ ಕೊಟ್ಟರು. ಅವನು ಅಭ್ಯಾಸದಂತೆ ಫ್ಯಾನ್ ಆರಿಸಿ ಒಂದೊಂದನ್ನೇ ತಕ್ಕಡಿಗಿಟ್ಟ.

ಒಂಬತ್ತನೆಯ ಡಬ್ಬಿ ಹೊರಗೆ ಹೋದಾಗ ಎಷ್ಟು ತೂಗಿತ್ತೋ ಈಗಲೂ ಅಷ್ಟೇ ತೂಗಿತು. ತಕ್ಕಡಿಯನ್ನು ಸೊನ್ನೆಗೆ ತಂದು ಮತ್ತೆ ಇಟ್ಟ. ಅದೇ. ಹದಿನಾಲ್ಕನೆಯದೂ ಹಾಗೇ. ಒಂದೆರಡು ಮಿಲಿಗ್ರಾಂ ಆಚೀಚೆ, ಅದು ಗಾಳಿಯ ತೇವಕ್ಕೂ ಆಗುವಂಥದ್ದು. ಸಂಜೆಯ ಹೊತ್ತಿಗೆ ಅಂಥವು ಮೂವತ್ತೇಳು ಸಿಕ್ಕಿದವು. ಒಂದರ ಮುಚ್ಚಳ ತಿರುಗಿಸಿದ. ಒಳಗಿನ ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ ಹಾಗೇ ಇತ್ತು. ಪಟ್ಟಿಯಲ್ಲಿ ಅದಕ್ಕೆ "ಉಳಿದದ್ದು ಆರು" ಎಂದಿತ್ತು, ಬಿಪಿ ಹದಿನೆಂಟು ಅಂಕಿ ಇಳಿದಿತ್ತು. ಆ ಮೂವತ್ತೇಳು ಡಬ್ಬಿ ಯಾರ ಕೈಗೂ ಹೋಗಿರಲಿಲ್ಲ. ಆ ಮೂವತ್ತೇಳು ಜನರ ಬಿಪಿ ಇಳಿದದ್ದು ನಗುಮುಖನ ಮೇಜಿನ ಮೇಲೆ.

ಅವನು ಮುಚ್ಚಳವನ್ನು ಮತ್ತೆ ತಿರುಗಿಸಿ ಮುಚ್ಚಿದ. ಮೊದಲು ಬಂದದ್ದು ಸಿಟ್ಟಲ್ಲ, ಅಕ್ಕನ ನೆನಪು.

ರಿಜಿಸ್ಟರ್ ಹಿಡಿದುಕೊಂಡು ವಿಭಾಗದ ಮುಖ್ಯಸ್ಥೆಯ ಕೋಣೆಗೆ ಹೋದ. ಈಕೆ ವಿದ್ಯಾರ್ಥಿನಿಯಾಗಿ ಬಂದಾಗ ತಕ್ಕಡಿ ಮುಟ್ಟಲು ಹೆದರಿ ಅತ್ತಿದ್ದಳು. ಕೈ ಹಿಡಿದು ಕಲಿಸಿದವನು ಇವನೇ. ಈಗ ಅವಳು ಮೇಡಂ.

ಅವಳು ಪುಟ ತಿರುಗಿಸಿದಳು. ಅವಳಿಗೆ ಅರ್ಥವಾಗಲು ಅರ್ಧ ನಿಮಿಷ ಸಾಕಾಯಿತು. ಕಲಿಸಿದವನು ಸರಿಯಾಗಿಯೇ ಕಲಿಸಿದ್ದ.

"ಇದನ್ನ ಯಾರಿಗಾದ್ರೂ ತೋರಿಸಿದ್ರಾ?" ಅಂದಳು.

"ನಿಮಗೇ ಮೊದಲು ಮೇಡಂ."

"ತೂಗಿ ಅಂತ ನಿಮಗೆ ಯಾರು ಹೇಳಿದ್ರು? ನಿಯಮದಲ್ಲಿ ಎಣಿಸೋದು ಮಾತ್ರ ಇದೆ."

ಅವನು ಅವಳ ಮುಖವನ್ನೇ ನೋಡಿದ. "ಅವರು ಎಣಿಸೇ ಇಲ್ಲ ಮೇಡಂ. ಮುಚ್ಚಳಾನೇ ತೆಗೆದಿಲ್ಲ. ಕಪಾಟು ಇಲ್ಲೇ ಇದೆ, ಬನ್ನಿ, ನೀವೇ ನೋಡಿ."

ಅವಳು ಏಳಲಿಲ್ಲ. ಕಿಟಕಿಯಾಚೆ ಹೊಸ ಕಟ್ಟಡ ಕಾಣುತ್ತಿತ್ತು. "ಅಲ್ಲಿ ಹನ್ನೊಂದು ಜನ ಸಂಶೋಧನೆ ಮಾಡ್ತಿದಾರೆ. ಅವರ ಫೆಲೋಶಿಪ್ ಎಲ್ಲಿಂದ ಬರ್ತಿದೆ ಅಂತ ಗೊತ್ತಲ್ವಾ? ನಿಮ್ಮದೊಂದು ಚಟಕ್ಕೆ ಅವರನ್ನೆಲ್ಲಾ ಬೀದಿಗೆ ಹಾಕ್ಲಾ?"

"ನಮ್ಮಕ್ಕ ಬಿಪಿ ಮಾತ್ರೆ ಬಿಟ್ಟು ಇದನ್ನ ತಿಂತಿದಾಳೆ. ನನ್ ಮುಖ ನೋಡಿ ತಿಂತಿದಾಳೆ."

"ಮಾತ್ರೆ ಬಿಡಿ ಅಂತ ಡಬ್ಬಿ ಮೇಲೆ ಎಲ್ಲೂ ಬರೆದಿಲ್ಲ," ಅಂದಳು ಮೇಡಂ. ಅವನು ಅವಳ ಮೇಲೆ ಇಟ್ಟಿದ್ದ ಗೌರವ ಆ ಒಂದು ವಾಕ್ಯಕ್ಕೆ ಮಣ್ಣುಪಾಲಾಯಿತು. ರಿಜಿಸ್ಟರ್ ವಿಭಾಗದ ಆಸ್ತಿ, ಇಲ್ಲೇ ಇರಲಿ ಎಂದು ಅವಳು ಅದನ್ನು ತನ್ನ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದಳು. ಅವನು ಕಪಾಟಿನ ಹತ್ತಿರ ವಾಪಸ್ ಬರುವಷ್ಟರಲ್ಲಿ ನಗುಮುಖ ಡಬ್ಬಿಗಳನ್ನು ಪೆಟ್ಟಿಗೆಗೆ ತುಂಬಿಸುತ್ತಿದ್ದ. ಮೇಡಂ ಕೋಣೆಯ ಫೋನು ಅಷ್ಟು ಬೇಗ ಕೆಲಸ ಮಾಡಿತ್ತು.

"ಯಾಕಣ್ಣಾ ಟೆನ್ಷನ್ ಮಾಡ್ಕೋತೀರಿ?" ಎಂದು ಅವನು ನಕ್ಕ.

"ನಿನ್ ಹಲ್ಲು ಮುರೀತೀನಿ," ಅಂದ ಮಿಲಿಗ್ರಾಂ. ಮುರಿಯಲಿಲ್ಲ, ಅದೊಂದು ಕೊರಗು ಅವನಿಗೆ ಇಂದಿಗೂ ಉಳಿದಿದೆ.

ಮನೆಗೆ ಬಂದವನೇ ಅಡುಗೆಮನೆಯ ಶೆಲ್ಫಿನಿಂದ ಡಬ್ಬಿ ಎತ್ತಿ, "ಇದು ಬೇಡಕ್ಕಾ. ನಾಳೆಯಿಂದ ನಿನ್ ಹಳೇ ಮಾತ್ರೆ ತಗೋ" ಅಂದ. ನಡೆದದ್ದನ್ನು ಹೇಳಿದ. ಕೆಟ್ಟದಾಗಿ ಹೇಳಿದ, ಹೊರಗಿನ ಸಿಟ್ಟನ್ನೆಲ್ಲ ಅವಳ ಮೇಲೆ ಕಕ್ಕಿದ. "ಯಾರು ಏನು ಕೊಟ್ರೂ ನುಂಗೋದಾ? ತಲೆ ಇಲ್ವಾ ನಿನಗೆ?"

ಅಕ್ಕ ಮಡಿಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟಳು. "ಯಾರೋ ಕೊಟ್ಟಿದ್ದಲ್ಲ, ನೀನು ಕೊಟ್ಟಿದ್ದು. ಮುಖ ಯಾರದ್ದು ಇದರ ಮೇಲೆ? ನಿಮ್ಮಪ್ಪಂದಾ?"

"ನಮ್ಮಿಬ್ಬರಪ್ಪ ಒಬ್ಬನೇ ಕಣೇ."

"ಅದೊಂದು ನಾಚಿಕೆಗೇಡು." ಅವಳ ಧ್ವನಿ ಏರಿತು. "ನನ್ ಕಾಲು ಊದಿ ಬರಿಗಾಲಲ್ಲಿ ಓಡಾಡ್ತಿದ್ದಾಗ ನಿನ್ ತಕ್ಕಡಿ ಎಲ್ಲಿತ್ತೋ? ಆರು ಮನೆಗೆ ಹೋಗಿ ನನ್ ತಮ್ಮ, ನನ್ ತಮ್ಮ ಅಂತ ಹೇಳಿಬಂದಿದೀನಿ. ಈಗ ಹೋಗಿ ಏನನ್ನಲಿ? ನನ್ ತಮ್ಮ ಫೋಟೋ ಆಸೆಗೆ ಬಿದ್ದ ದಡ್ಡ ಅನ್ಲಾ?"

"ಹಾಗೇ ಅನ್ನು. ನಿಜಾನೇ ಅದು."

"ನಾನು ಅನ್ನಲ್ಲ. ನಾನು ಇದನ್ನೇ ತಗೋತೀನಿ. ನೋಡ್ತೀನಿ ನೀನೇನು ಮಾಡ್ತೀಯಾ ಅಂತ." ಡಬ್ಬಿಯನ್ನು ಅವನ ಕೈಯಿಂದ ಕಿತ್ತು, ಅವನ ಕಣ್ಣೆದುರಿಗೇ ಒಂದನ್ನು ಬಾಯಿಗೆ ಹಾಕಿ ನೀರು ಕುಡಿದಳು.

ಅಂದಿನಿಂದ ಜಗಳವೂ ನಿಂತಿತು. ಜಗಳ ನಿಂತ ಆ ಮನೆಗಿಂತ ಶವಾಗಾರ ವಾಸಿ. ತಟ್ಟೆಯನ್ನು ಕುಕ್ಕಿ ಇಡುತ್ತಿದ್ದಳು, ಅವನು ಕುಕ್ಕಿ ತೊಳೆಯುತ್ತಿದ್ದ. ದಿನಕ್ಕೊಂದು ಮಾತು ಮಾತ್ರ ಇತ್ತು. ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುವಾಗ ಅವಳು ಗೋಡೆಗೆ ಹೇಳುವಂತೆ, "ಇವತ್ತಿಂದೂ ತಗೊಂಡೆ" ಎನ್ನುತ್ತಿದ್ದಳು.

ಅತ್ತ ವರದಿ ಸಿದ್ಧವಾಯಿತು. ಅದರ ಕೊನೆಯ ಪುಟದಲ್ಲಿ, "ಡಬ್ಬಿಗಳನ್ನು ಹೊರಡಿಸಿದವರು, ಬಳಸಿದ ನಂತರ ವಾಪಸ್ ಪಡೆದವರು" ಎಂಬುದರ ಮುಂದೆ ಅವನ ಸಹಿ ಬೇಕಿತ್ತು. ಈ ಸಲ ಅವನು ಹತ್ತೂ ಸಾಲು ಓದಿದ. ಸಹಿಯ ಜಾಗದಲ್ಲಿ, "ಮೂವತ್ತೇಳು ಡಬ್ಬಿಗಳ ತೂಕ ಇಳಿದಿಲ್ಲ" ಎಂದು ಗುಂಡಾಗಿ ಬರೆದು ಕೊಟ್ಟ. ಮೇಡಂ ಆ ಹಾಳೆಯನ್ನು ಅವನೆದುರೇ ಹರಿದಳು. ಮರುದಿನ ಹೊಸ ಹಾಳೆ ಬಂತು, ಹಿಂದಿನ ತಿಂಗಳು ಕೆಲಸಕ್ಕೆ ಸೇರಿದ್ದ ಟೈಪಿಸ್ಟು ಅದಕ್ಕೆ ಸಹಿ ಹಾಕಿದಳು. ಅವಳು ತಕ್ಕಡಿಯನ್ನು ಹತ್ತಿರದಿಂದ ಕಂಡವಳೂ ಅಲ್ಲ. ಮಿಲಿಗ್ರಾಂನನ್ನು ನೆಲಮಾಳಿಗೆಯ ಗಾಜಿನ ಸಾಮಾನಿನ ಉಗ್ರಾಣಕ್ಕೆ ಹಾಕಿದರು. ಕೈಗೊಂದು ಒಡೆದ ಬೀಕರುಗಳ ಪಟ್ಟಿ ಕೊಟ್ಟರು. ಅವನು ಕುಲಪತಿಗಳ ಕಚೇರಿಗೆ ಅರ್ಜಿ ಬರೆದ. "ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ, ಸೂಕ್ತ ದಾಖಲೆ ಒದಗಿಸಿ" ಎಂಬ ಉತ್ತರ ಬಂತು. ದಾಖಲೆ ಮೇಡಂ ಡ್ರಾಯರಿನಲ್ಲಿತ್ತು. ವರದಿ ಪತ್ರಿಕೆಯಲ್ಲಿ ಅಚ್ಚಾಯಿತು, ಕಂಪನಿ ಎರಡನೇ ಕಟ್ಟಡಕ್ಕೆ ಗುದ್ದಲಿ ಹಾಕಿತು. ಡಬ್ಬಿಯ ಮೇಲಿಂದ ತನ್ನ ಫೋಟೋ ತೆಗೆಯಿರಿ ಎಂದು ಕೇಳಿದ್ದಕ್ಕೆ ನಗುಮುಖ ಅವನೇ ಸಹಿ ಹಾಕಿದ ಕಾಗದದ ನಕಲು ಕಳಿಸಿಕೊಟ್ಟ. ತಕ್ಕಡಿ ಹೋಯಿತು, ಮಾನ ಹೋಯಿತು, ಮುಖವೂ ಅವನದಾಗಿ ಉಳಿಯಲಿಲ್ಲ.

ಒಂದು ದಿನ ಮೆಟ್ಟಿಲಲ್ಲಿ ನರ್ಸಮ್ಮ ಅಡ್ಡ ಸಿಕ್ಕಳು. "ನಿಮ್ಮಕ್ಕನಿಗೆ ಏನಾಗಿದೆ? ನಮ್ಮನೆ ಡಬ್ಬಿ ಇಸ್ಕೊಂಡು ಹೋದ್ರು. ನಂದು ಮುಗೀತು, ಅಂಗಡೀಲಿ ಇಲ್ಲ, ಆಮೇಲೆ ಕೊಡ್ತೀನಿ ಅಂದ್ರು. ಎದುರು ಮನೆ ಅಜ್ಜೀದೂ ತಗೊಂಡ್ರಂತೆ, ಮೂಲೆ ಮನೇದೂ ತಗೊಂಡ್ರಂತೆ. ಅಷ್ಟೊಂದು ತಿಂದ್ರೆ ಗತಿ ಏನು?"

ಮಿಲಿಗ್ರಾಂ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತಿದ.

"ಹಠಕ್ಕೆ ಸಾಯ್ತೀಯೇನೇ?" ಎಂದು ಬಾಗಿಲಿನಿಂದಲೇ ಕೂಗಿದ. ತಿಂಗಳ ನಂತರ ಅವನು ಅವಳಿಗೆ ಆಡಿದ ಮೊದಲ ಮಾತು ಅದು. "ಊರವರ ಡಬ್ಬಿಯನ್ನೆಲ್ಲಾ ಎತ್ಕೊಂಡು ಬಂದಿದೀಯಂತೆ!"

"ಹೌದು, ಬಂದಿದೀನಿ," ಅಂದಳು ಅಕ್ಕ. "ಒಂದರ ಬದಲು ಎರಡೆರಡು ತಗೋತಿದೀನಿ. ಏನೀಗ?"

"ಸಾಯಿ ಹಾಗಾದ್ರೆ!"

"ಸತ್ರೆ ನನ್ನ ಫೋಟೋನೂ ಹಾಕ್ಸು ಡಬ್ಬಿ ಮೇಲೆ. ಅಕ್ಕ ತಮ್ಮ ಜೋಡಿ ಚೆನ್ನಾಗಿರುತ್ತೆ." ಚೀಲ ಹಿಡಿದು ಪೇಟೆಗೆ ಹೊರಟಳು. ಬಾಗಿಲನ್ನು ಅವಳು ಎಳೆದ ರಭಸಕ್ಕೆ ಕ್ಯಾಲೆಂಡರ್ ಕೆಳಗೆ ಬಿತ್ತು.

ಅವನು ಅಡುಗೆಮನೆಗೆ ನುಗ್ಗಿದ. ಶೆಲ್ಫಿನಲ್ಲಿ ಅಕ್ಕನ ಡಬ್ಬಿ ಒಂದೇ ಇತ್ತು. ಉಳಿದವು ಹೊಲಿಗೆ ಮೆಷಿನ್ನಿನ ಕೆಳಗಿನ ಪೆಟ್ಟಿಗೆಯಲ್ಲಿ, ನೂಲಿನ ಉಂಡೆಗಳ ಅಡಿಯಲ್ಲಿ ಸಿಕ್ಕಿದವು. ಆರು ಡಬ್ಬಿ. ಆರರ ಮೇಲೂ ಅವನದೇ ಮುಖ, ಗಂಭೀರವಾಗಿ. ಒಂದೊಂದರ ತಳದಲ್ಲೂ ಅಕ್ಕ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಯಾವ ಮನೆಯದು ಎಂದು, ತಂದ ದಿನ ಯಾವುದು, ಒಳಗೆ ಎಷ್ಟಿತ್ತು ಎಂದು ಬರೆದಿದ್ದಳು. ಅಜ್ಜಿಯದು, ನಲವತ್ತೊಂದು. ನರ್ಸಮ್ಮನದು, ಮೂವತ್ತು.

ವಿಭಾಗ ಮೂಲೆಗೆಸೆದಿದ್ದ ಹಳೆಯ ತಕ್ಕಡಿಯೊಂದನ್ನು ಅವನು ಎಂದೋ ಅನುಮತಿ ಪಡೆದು ಮನೆಗೆ ತಂದಿಟ್ಟುಕೊಂಡಿದ್ದ. ಮಿಲಿಗ್ರಾಂ ತೋರಿಸದು, ಆದರೆ ಒಂದು ಕ್ಯಾಪ್ಸೂಲು ಹೆಚ್ಚುಕಡಿಮೆಯಾದರೆ ಹೇಳುತ್ತದೆ. ಅದನ್ನು ಮೇಜಿಗಿಟ್ಟ. ಖಾಲಿ ಡಬ್ಬಿಯ ತೂಕ ಅವನಿಗೆ ಬಾಯಿಪಾಠ, ಒಂದು ಕ್ಯಾಪ್ಸೂಲಿನದೂ ಬಾಯಿಪಾಠ. ಅಜ್ಜಿಯ ಡಬ್ಬಿ ಇಟ್ಟ. ನಲವತ್ತೊಂದು. ನರ್ಸಮ್ಮನದು ಇಟ್ಟ. ಮೂವತ್ತು. ಆರಕ್ಕೆ ಆರೂ ತಂದಾಗ ಎಷ್ಟಿದ್ದವೋ ಅಷ್ಟೇ ಇದ್ದವು.

ಕೊನೆಗೆ ಶೆಲ್ಫಿನಲ್ಲಿದ್ದ ಅಕ್ಕನ ಡಬ್ಬಿ ಇಟ್ಟ. ಜಗಳದ ದಿನ ಅವನ ಕಣ್ಣೆದುರು ನುಂಗಿದ್ದು ಹೊಸ ಡಬ್ಬಿಯ ಮೊದಲನೆಯದು. ಅದಾದ ಮೇಲೆ ಮೂವತ್ಮೂರು ಬೆಳಿಗ್ಗೆ "ಇವತ್ತಿಂದೂ ತಗೊಂಡೆ" ಎಂದು ಅವಳು ಗೋಡೆಗೆ ಹೇಳಿದ್ದಳು. ಅಂಗಡಿಯಿಂದ ಬರುವಾಗ ಅರವತ್ತೈದು. ತಕ್ಕಡಿ ಅರವತ್ತನಾಲ್ಕು ಎಂದಿತು.

ಅವನು ಕುರ್ಚಿಯ ಮೇಲೆ ಕುಳಿತುಬಿಟ್ಟ. ಆಮೇಲೆ ಎದ್ದು ನೂಲಿನ ಪೆಟ್ಟಿಗೆಯ ತಳದವರೆಗೂ ಕೈ ಹಾಕಿದ. ಸೂಜಿಯ ಡಬ್ಬದೊಳಗೆ ಬಿಪಿ ಮಾತ್ರೆಯ ಹಾಳೆ ಸಿಕ್ಕಿತು. ಹಳೆಯದಲ್ಲ, ಬೇರೆ ಹೆಸರಿನದು, ಪಾದ ಊದಿಸದಂಥದ್ದನ್ನು ಡಾಕ್ಟರಿಂದ ಕೇಳಿ ಬರೆಸಿಕೊಂಡಿದ್ದಳು. ಹತ್ತು ಹತ್ತು ಮಾತ್ರೆಯ ಮೂರು ಹಾಳೆ ಖಾಲಿಯಾಗಿದ್ದವು, ನಾಲ್ಕನೆಯದರಲ್ಲಿ ಮೂರು ಗುಳಿ ಒಡೆದಿದ್ದವು. ಅವಳು ಮಾರನೇ ದಿನದಿಂದಲೇ ನಂಬಿದ್ದಳು. ವಿಶ್ವವಿದ್ಯಾಲಯದಲ್ಲಿ ಒಬ್ಬರೂ ಕಿವಿಗೆ ಹಾಕಿಕೊಳ್ಳದ ಮಾತನ್ನು ರಿಜಿಸ್ಟರ್ ಕೇಳದೆ, ಡಬ್ಬಿ ತೆಗೆಸದೆ, ಬೈಗುಳದ ಜೊತೆಗೇ ನಂಬಿದ್ದಳು. ಒಪ್ಪಿಕೊಳ್ಳುವುದೊಂದನ್ನು ಮಾತ್ರ ಅವಳ ಬಾಯಿ ಕಲಿತಿರಲಿಲ್ಲ. ತಮ್ಮ ದಡ್ಡ ಎಂದು ಆರು ಮನೆಗೆ ಹೇಳುವ ಬದಲು ತಾನೇ ಆಸೆಬುರುಕಿ ಅನ್ನಿಸಿಕೊಂಡು, ಅವರು ನುಂಗದಿರಲೆಂದು ಎರವಲು ತಂದಿದ್ದಳು.

ಅವನಿಗೆ ಅಳು ಬಂತು. ಇಪ್ಪತ್ತೊಂಬತ್ತು ವರ್ಷ ಕಲಿತ ಕೆಲಸ, ಅಕ್ಕ ಹೇಳುವ ಸುಳ್ಳನ್ನು ಕಂಡುಹಿಡಿಯಲಿಕ್ಕಾದರೂ ಬಂತಲ್ಲ ಎನಿಸಿತು.

ಮುಂಬಾಗಿಲು ಸದ್ದಾಯಿತು. ಅವಳು ಕೊಡೆ ಮರೆತು ವಾಪಸ್ ಬಂದಿದ್ದಳು. ಮೇಜಿನ ಮೇಲಿದ್ದ ತಕ್ಕಡಿ ನೋಡಿದಳು, ಸಾಲಾಗಿ ನಿಂತ ಏಳು ಡಬ್ಬಿ ನೋಡಿದಳು, ಒದ್ದೆ ಕಣ್ಣಿನ ತಮ್ಮನನ್ನು ನೋಡಿದಳು. ಕೊಡೆಯನ್ನು ಮೊಳೆಯಿಂದ ಎತ್ತಿಕೊಂಡಳು. ತಲೆಯ ಮೇಲೆ ಫ್ಯಾನ್ ಗರಗರ ತಿರುಗುತ್ತಿತ್ತು. ಆ ಅವಸರದಲ್ಲಿ ಅವನು ಜೀವಮಾನದಲ್ಲಿ ಮೊದಲ ಸಲ ಅದನ್ನು ಮರೆತಿದ್ದ.

"ಫ್ಯಾನ್ ಆರಿಸ್ದೆ ತೂಗಿದ್ಯಲ್ಲೋ," ಅಂದಳು ಅಕ್ಕ. "ನಿನ್ ಲೆಕ್ಕ ನಂಬೋದು ಹೇಗೆ?"